ಮೂವತ್ತೆರಡು ಸಂಚಿಕೆಗಳ ಪತ್ರಿಕೆಗೆ ಇರಾನಿನ ದೊರೆ ಅಷ್ಟು ಹೆದರಿದ್ದೇಕೆ?

ಪ್ರಶ್ನೆ: ಚರಿತ್ರೆಯ ಓದುಗ

ಬಲ್ಲವರಲ್ಲಿ ಒಂದು ವಿನಂತಿ. ಇರಾನಿನ ಸಂವಿಧಾನ ಕ್ರಾಂತಿಯ, ಅಂದರೆ 1905ರಿಂದ 1911ರವರೆಗಿನ ಕಾಲದ ಕುರಿತು ಓದುತ್ತಿದ್ದೇನೆ. ಯಾವ ಗ್ರಂಥ ತೆರೆದರೂ 'ಸೂರ್-ಎ ಇಸ್ರಾಫೀಲ್' ಎಂಬ ಪಾರಸಿ ವಾರಪತ್ರಿಕೆಯ ಹೆಸರು ಬಂದೇ ಬರುತ್ತದೆ. ಪ್ರಳಯದ ದಿನ ಸತ್ತವರನ್ನು ಎಬ್ಬಿಸುವುದಕ್ಕಾಗಿ ಇಸ್ರಾಫೀಲನೆಂಬ ದೇವದೂತ ಊದುವ ಕಹಳೆಯ ಹೆಸರು ಅದು. ಮುಖಪುಟದ ನೆತ್ತಿಯಲ್ಲಿ ಕಹಳೆ ಊದುವ ದೇವದೂತನ ಚಿತ್ರವೂ, ಜೊತೆಗೆ ಸ್ವಾತಂತ್ರ್ಯ, ಸಮಾನತೆ, ಸೋದರತೆ ಎಂಬ ಮೂರು ಪದಗಳೂ ಇರುತ್ತಿದ್ದವು.

ನನಗೆ ಅರ್ಥವಾಗದಿರುವ ಸಂಗತಿ ಇಷ್ಟು. ಪತ್ರಿಕೆಯ ಮೊದಲ ಸಂಚಿಕೆ ಟೆಹರಾನಿನಲ್ಲಿ ಹೊರಬಂದದ್ದು 1907ರ ಮೇ 30ರಂದು. ಅಲ್ಲಿನ ಕೊನೆಯ ಸಂಚಿಕೆ ಬಂದದ್ದು 1908ರ ಜೂನ್ 20ರಂದು. ಒಟ್ಟು 32 ಸಂಚಿಕೆಗಳು, ಒಂದೊಂದಕ್ಕೆ ಎಂಟು ಪುಟ. ಕೊನೆಯ ಸಂಚಿಕೆ ಬಂದ ಮೂರನೆಯ ದಿನ, ಜೂನ್ 23ರಂದು, ದೊರೆ ಮೊಹಮ್ಮದ್ ಅಲಿ ಶಾ ತನ್ನ ಕಸಾಕ್ ಬ್ರಿಗೇಡಿನ ರಷ್ಯನ್ ಅಧಿಕಾರಿ ಕರ್ನಲ್ ಲಿಯಾಖೊವ್‌ನ ಕೈಯಿಂದ ಮಜ್ಲಿಸ್, ಅಂದರೆ ಸಂಸತ್ತಿನ, ಕಟ್ಟಡದ ಮೇಲೆ ಫಿರಂಗಿ ಹಾರಿಸಿದ. ಮರುದಿನವೇ ಪತ್ರಿಕೆಯ ಸಂಪಾದಕ ಮಿರ್ಜಾ ಜಹಾಂಗೀರ್ ಖಾನ್ ಶೀರಾಜಿ ಅವರನ್ನು ಅರಸನ ಬೀಡಾಗಿದ್ದ ಬಾಗ್-ಎ ಶಾ ತೋಟದಲ್ಲಿ ಕೊರಳಿಗೆ ಹಗ್ಗ ಬಿಗಿದು ಕೊಲ್ಲಲಾಯಿತು. ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ.

ನೂರಕ್ಕೆ ಹತ್ತು ಮಂದಿಗೂ ಓದಲು ಬಾರದಿದ್ದ ನಾಡಿನಲ್ಲಿ ಎಂಟು ಪುಟದ ಪತ್ರಿಕೆಯೊಂದು ದೊರೆಯ ನಿದ್ದೆ ಕೆಡಿಸಿದ್ದು ಹೇಗೆ? ಅದನ್ನು ನಿಜವಾಗಿ ಓದುತ್ತಿದ್ದವರು ಯಾರು? ಇನ್ನೊಂದು ಮಾತು: ಇಂತಹ ಪತ್ರಿಕೆಗಳ ಕಟು ಬರಹವೇ ಅರಸನನ್ನು ಕೆರಳಿಸಿ ಮೊದಲ ಮಜ್ಲಿಸ್‌ನ ಅವಸಾನವನ್ನು ಬೇಗ ತಂದಿತು ಎಂದು ಕೆಲವರು ಬರೆಯುತ್ತಾರೆ. ಈ ಆರೋಪದಲ್ಲಿ ಹುರುಳಿದೆಯೇ? ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ಅಚ್ಚುಮೊಳೆ

ನಿಮ್ಮ ಮೊದಲ ಪ್ರಶ್ನೆಯಲ್ಲಿ ಪತ್ರಿಕೆಯನ್ನು ಒಬ್ಬೊಬ್ಬರೇ ಕುಳಿತು ಮನಸ್ಸಿನಲ್ಲಿ ಓದಿಕೊಳ್ಳುವ ವಸ್ತುವೆಂದು ಭಾವಿಸಿದಂತಿದೆ. ಆ ಕಾಲದ ಟೆಹರಾನಿನಲ್ಲಿ, ತಬ್ರೀಜಿನಲ್ಲಿ, ರಶ್ತ್ ಪಟ್ಟಣದಲ್ಲಿ ಪತ್ರಿಕೆ ಬಹುಮಟ್ಟಿಗೆ ಕಿವಿಗೆ ತಲುಪುವ ವಸ್ತುವಾಗಿತ್ತು. ಕಾಫಿಖಾನೆಗಳೆಂದು ಹೆಸರಾದರೂ ಹೆಚ್ಚಾಗಿ ಚಹಾ ಸಿಗುತ್ತಿದ್ದ ಅಂಗಡಿಗಳಲ್ಲಿ, ಹಿಂದೆ ಶಾನಾಮೆ ಎಂಬ ಪಾರಸಿ ಮಹಾಕಾವ್ಯದ ಕಥೆಗಳನ್ನು ಹೇಳುತ್ತಿದ್ದ ಜಾಗದಲ್ಲಿಯೇ, ಅಕ್ಷರ ಬಲ್ಲವನೊಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಸುತ್ತ ಕುಳಿತ ಕುಶಲಕರ್ಮಿಗಳು, ಅಂಗಡಿಯವರು, ಹಮಾಲರು ಕೇಳಿಸಿಕೊಂಡು ವಾದಿಸುತ್ತಿದ್ದರು. ಹೀಗಾಗಿ ಅಚ್ಚಾದ ಪ್ರತಿಗಳ ಎಣಿಕೆಯಿಂದ ಪ್ರಭಾವವನ್ನು ಅಳೆಯಲಾಗದು. ಅಕ್ಷರದ ಲೋಕಕ್ಕೂ ಮಾತಿನ ಲೋಕಕ್ಕೂ ನಡುವೆ ಗೋಡೆಯೇ ಇರಲಿಲ್ಲ ಎಂಬುದಕ್ಕೆ ಇನ್ನೊಂದು ದಿಕ್ಕಿನ ಸಾಕ್ಷಿಯೂ ಇದೆ. ಸೈಯದ್ ಜಮಾಲುದ್ದೀನ್ ವಾಇಜ್ ಎಂಬ ಪ್ರಸಿದ್ಧ ಉಪನ್ಯಾಸಕರು ಮಸೀದಿಯ ಪೀಠದಿಂದ ಆಡಿದ ಮಾತುಗಳನ್ನೇ ಬರೆದುಕೊಂಡು ಅಚ್ಚು ಹಾಕುವುದಕ್ಕಾಗಿ 'ಅಲ್-ಜಮಾಲ್' ಎಂಬ ಪತ್ರಿಕೆ 1907ರಲ್ಲಿ ಹುಟ್ಟಿಕೊಂಡಿತ್ತು. ಪೀಠದ ಮಾತು ಅಚ್ಚಿಗೆ ಹೋಗುತ್ತಿತ್ತು, ಅಚ್ಚಿನ ಮಾತು ಚಹಾದಂಗಡಿಗೆ ಬರುತ್ತಿತ್ತು.

ಎಲ್ಲ ಪತ್ರಿಕೆಗಳನ್ನೂ ಗಟ್ಟಿಯಾಗಿ ಓದಬಹುದಿತ್ತು, ನಿಜ. ಆದರೆ ಎಲ್ಲವೂ ಕೇಳುವವರಿಗೆ ಅರ್ಥವಾಗುತ್ತಿರಲಿಲ್ಲ. ಅಂದಿನ ಪಾರಸಿ ಗದ್ಯವೆಂದರೆ ಅರಬ್ಬಿ ಸಮಾಸಗಳ, ಪ್ರಾಸಬದ್ಧ ವಾಕ್ಯಗಳ, ಬಿರುದಾವಳಿಗಳ ಭಾರದಿಂದ ಬಾಗಿದ ದರಬಾರಿ ಗದ್ಯ. ಮಸೀದಿಯ ಮದರಸಾದಲ್ಲಿ ವರ್ಷಗಟ್ಟಲೆ ಕಲಿತವರಿಗಷ್ಟೇ ಅದು ಒಲಿಯುತ್ತಿತ್ತು. 'ಸೂರ್-ಎ ಇಸ್ರಾಫೀಲ್' ಪತ್ರಿಕೆಯ ಸಂಪಾದಕೀಯಗಳೂ ಪೂರ್ತಿಯಾಗಿ ಆ ಧಾಟಿಯಿಂದ ಬಿಡಿಸಿಕೊಂಡಿರಲಿಲ್ಲ ಎಂಬುದನ್ನು ಹೇಳಲೇಬೇಕು. ಅದರ ಪ್ರಾಣವಿದ್ದದ್ದು ಕೊನೆಯ ಪುಟಗಳ 'ಚರಂದ್ ಪರಂದ್', ಅಂದರೆ ಹಾಳುಹರಟೆ, ಎಂಬ ಅಂಕಣದಲ್ಲಿ. ಬರೆಯುತ್ತಿದ್ದವರು ಅಲಿ ಅಕ್ಬರ್ ದೆಹ್‌ಖೊದಾ. ಕಜ್ವೀನ್ ಮೂಲದ ಮನೆತನ, ಟೆಹರಾನಿನಲ್ಲಿ ಬೆಳೆದವರು, ಹೊಸದಾಗಿ ತೆರೆದಿದ್ದ ರಾಜನೀತಿ ಶಾಲೆಯಲ್ಲಿ ಕಲಿತು ರಾಯಭಾರಿಯೊಬ್ಬರ ಕಾರ್ಯದರ್ಶಿಯಾಗಿ ಯುರೋಪನ್ನೂ ಕಂಡು ಬಂದವರು. ಅಂಕಣದಲ್ಲಿ ಅವರು 'ದಖೋ' ಎಂಬ ಪೆದ್ದ ಹಳ್ಳಿಗೌಡನ ವೇಷ ಹಾಕುತ್ತಿದ್ದರು. ಒಮ್ಮೊಮ್ಮೆ 'ಖರ್‌ಮಗಸ್', ಅಂದರೆ ದನಗಳನ್ನು ಕಚ್ಚುವ ದೊಡ್ಡ ನೊಣ. ಒಮ್ಮೊಮ್ಮೆ 'ಸಗ್-ಎ ಹಸನ್ ದಲೆ' ಎಂಬ ಅಲೆಮಾರಿ ನಾಯಿ. ಈ ಪಾತ್ರಗಳು ಒಂದಕ್ಕೊಂದು ಕಾಗದ ಬರೆದುಕೊಳ್ಳುತ್ತವೆ, ಜಗಳವಾಡುತ್ತವೆ, ಸುದ್ದಿ ಹೇಳುತ್ತ ಹೇಳುತ್ತ ದಾರಿ ತಪ್ಪಿ ಬೇರೆಲ್ಲೋ ಹೋಗುತ್ತವೆ. ಪೇಟೆಯ ಹೆಂಗಸರು, ಮುದುಕಿಯರು, ಕತ್ತೆ ಓಡಿಸುವವರು ಹೇಗೆ ಮಾತನಾಡುತ್ತಾರೋ ಹಾಗೆಯೇ ಬರಹವಿರುತ್ತಿತ್ತು.

ಮೊದಲ ಸಂಚಿಕೆಯ ಅಂಕಣವನ್ನೇ ನೋಡಿ. ತಾನು ಅನೇಕ ವರ್ಷ ಹಿಂದೂಸ್ತಾನದಲ್ಲಿ ಸಂಚರಿಸಿ, ಸಿದ್ಧಪುರುಷರನ್ನು ಕಂಡು, ರಸವಿದ್ಯೆ ಕಲಿತು ಅಫೀಮಿನ ಚಟ ಬಿಡಿಸುವ ಮದ್ದನ್ನು ಕಂಡುಹಿಡಿದಿರುವುದಾಗಿ ಅಂಕಣಕಾರ ಗಂಭೀರವಾಗಿ ಸಾರುತ್ತಾನೆ. ಮದ್ದಿನ ಗುಟ್ಟು ಬಹಳ ಸರಳ: ದಿನದಿನಕ್ಕೆ ಅಫೀಮನ್ನು ಸ್ವಲ್ಪ ಸ್ವಲ್ಪ ತಗ್ಗಿಸಿ ಅದರ ಜಾಗಕ್ಕೆ ಬೇರೊಂದನ್ನು ತುಂಬುತ್ತ ಹೋಗುವುದು. ಕೇಳುಗ ನಗಲು ಆರಂಭಿಸಿದ ಹೊತ್ತಿಗೆ ಅವನು ಅದೇ ಸೂತ್ರವನ್ನು ರೊಟ್ಟಿಗೆ ಅನ್ವಯಿಸುತ್ತಾನೆ. ಬಡವರಿಗೆ ಗೋಧಿ ರೊಟ್ಟಿ ತಿನ್ನುವ ಚಟ ಅಂಟಿಕೊಂಡಿದೆ. ಹಿಟ್ಟಿನಲ್ಲಿ ದಿನವೂ ಗೋಧಿಯನ್ನು ಇಷ್ಟಿಷ್ಟೇ ಕಡಿಮೆ ಮಾಡಿ ಸಿಕ್ಕಿದ್ದನ್ನೆಲ್ಲ ಬೆರೆಸುತ್ತ ಹೋದರೆ ಯಾರಿಗೂ ತಿಳಿಯದಂತೆ ಆ ಚಟವೂ ಬಿಟ್ಟುಹೋಗುತ್ತದೆ ಎಂಬುದು ಅವನ ಸಲಹೆ. ಟೆಹರಾನಿನಲ್ಲಿ ಧಾನ್ಯವನ್ನು ಅಡಗಿಸಿಟ್ಟು, ಕಲಬೆರಕೆ ಹಿಟ್ಟು ಮಾರಿಸುತ್ತಿದ್ದ ದೊಡ್ಡವರು ಯಾರೆಂದು ಕೇಳುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಸರು ಹಿಡಿದು ಬೈದಿದ್ದರೆ ಮೊಕದ್ದಮೆ ಹೂಡಬಹುದಿತ್ತು. ಪೆದ್ದನೊಬ್ಬ ಕೈಮುಗಿದುಕೊಂಡು ಸಲಹೆ ಕೊಡುತ್ತಿರುವಾಗ ಯಾವ ಕಲಮಿನಡಿ ಹಿಡಿಯುವುದು?

ಇದರ ಜೊತೆಗೆ ವಸ್ತುವಿನ ಆಯ್ಕೆಯನ್ನೂ ಗಮನಿಸಬೇಕು. ಸಂವಿಧಾನ, ಬಜೆಟ್ಟು, ಮಂತ್ರಿಗಳ ಹೊಣೆಗಾರಿಕೆ ಎಂಬ ಮಾತುಗಳು ಎಲ್ಲ ಪತ್ರಿಕೆಗಳಲ್ಲೂ ಇದ್ದವು. 'ಸೂರ್-ಎ ಇಸ್ರಾಫೀಲ್' ಮತ್ತೆ ಮತ್ತೆ ಮರಳುತ್ತಿದ್ದದ್ದು ರೈತನ ಕಡೆಗೆ. 1905ರಲ್ಲಿ ಖೊರಾಸಾನಿನ ಕೂಚಾನ್ ಪ್ರಾಂತದ ರೈತರು ಕಂದಾಯ ಕಟ್ಟಲಾರದೆ ತಮ್ಮ ಹೆಣ್ಣುಮಕ್ಕಳನ್ನು ತುರ್ಕಮನ್ನರಿಗೆ ಮಾರಿಕೊಳ್ಳಬೇಕಾಗಿ ಬಂದ ಪ್ರಕರಣ ದೇಶವನ್ನೇ ನಡುಗಿಸಿತ್ತು. ಮಜ್ಲಿಸ್ ಬಂದ ಮೇಲೆ ಆಗಿನ ರಾಜ್ಯಪಾಲ ಆಸಿಫುದ್ದೌಲನನ್ನು ವಿಚಾರಣೆಗೂ ಒಳಪಡಿಸಲಾಯಿತು. ದೆಹ್‌ಖೊದಾ ಆ ಹುಡುಗಿಯರ ವಿಷಯವನ್ನು ಅಂಕಣದಲ್ಲಿ ಜೀವಂತವಾಗಿರಿಸಿದರು. ಭೂಮಿಯನ್ನು ಉಳುವವರ ಕೈಗೆ ದಾಟಿಸಿ ಜಮೀನ್ದಾರರಿಗೆ ಬೆಲೆ ಸಲ್ಲಿಸುವ ಏರ್ಪಾಡು ಬೇಕೆಂದು ಅವರು ಗಂಭೀರ ಲೇಖನಗಳಲ್ಲಿಯೂ ವಾದಿಸಿದರು. ಮಜ್ಲಿಸ್‌ನಲ್ಲಿ ಕುಳಿತಿದ್ದ ಎಷ್ಟೋ ಸದಸ್ಯರು ಸ್ವತಃ ಜಮೀನ್ದಾರರಾಗಿದ್ದರೆಂಬುದನ್ನು ನೆನೆದರೆ ಈ ಪತ್ರಿಕೆಗೆ ಅರಮನೆಯಾಚೆಗೂ ಹಗೆಗಳಿದ್ದುದು ಏಕೆಂದು ತಿಳಿಯುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ನೀವು ಕೊಟ್ಟ ಎರಡು ದಿನಾಂಕಗಳ ನಡುವೆ ಐವತ್ತೈದು ವಾರಗಳಿವೆ; ಬಂದದ್ದು 32 ಸಂಚಿಕೆ. ವಾರಪತ್ರಿಕೆಯೊಂದಕ್ಕೆ ಇಷ್ಟು ಖಾಲಿ ವಾರಗಳೇಕೆ ಬಂದವು? ಅದನ್ನು ಪದೇ ಪದೇ ನಿಲ್ಲಿಸಲಾಗಿತ್ತು, ಅದೂ ಸಂವಿಧಾನದ ಪರವಾದ ಸರ್ಕಾರವೇ ಇದ್ದಾಗ, ಧರ್ಮನಿಂದನೆಯ ದೂರುಗಳ ಮೇಲೆ. ದೊರೆಯೊಬ್ಬನೇ ಹೆದರಿದ್ದನೆನ್ನುವುದು ಅರ್ಧ ಚಿತ್ರ.

ಉತ್ತರ 2: ತಂತಿಕಂಬ

ಮೇಲಿನ ಉತ್ತರವನ್ನು ಮೆಚ್ಚಿದೆ. ಆದರೂ ಒಂದೇ ಪತ್ರಿಕೆಗೆ ಇಡೀ ಕ್ರಾಂತಿಯ ಕೀರ್ತಿಯನ್ನು ತೊಡಿಸುವ ರೂಢಿಯ ಬಗ್ಗೆ ನನಗೆ ತಕರಾರಿದೆ. ಸಂಪಾದಕರು ಹುತಾತ್ಮರಾದದ್ದರಿಂದ, ಅಂಕಣಕಾರರು ಮುಂದೆ ಪಾರಸಿಯ ಮಹಾ ನಿಘಂಟಿನ ಕರ್ತೃವಾಗಿ ಪ್ರಸಿದ್ಧರಾದದ್ದರಿಂದ ಈ ಪತ್ರಿಕೆಯ ನೆರಳು ಈಗ ಅದರ ಮೈಗಿಂತ ಉದ್ದವಾಗಿ ಕಾಣುತ್ತದೆ.

ಕ್ರಾಂತಿ ಆದದ್ದು ಇದು ಹುಟ್ಟುವುದಕ್ಕಿಂತ ಮೊದಲು ಎಂಬುದನ್ನು ಮರೆಯಬಾರದು. 1906ರ ಬೇಸಿಗೆಯಲ್ಲಿ ಟೆಹರಾನಿನ ಬ್ರಿಟಿಷ್ ದೂತಾವಾಸದ ತೋಟದಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕಿ ಜನ ಡೇರೆ ಹಾಕಿ ಆಶ್ರಯ ಪಡೆದಾಗ, ಆಗಸ್ಟ್ 5ರಂದು ಅಂದಿನ ದೊರೆ ಮುಜಫ್ಫರುದ್ದೀನ್ ಶಾ ಜನಪ್ರತಿನಿಧಿ ಸಭೆಗೆ ಒಪ್ಪಿ ಫರ್ಮಾನು, ಅಂದರೆ ರಾಜಾಜ್ಞೆ, ಹೊರಡಿಸಿದಾಗ, ಅಕ್ಟೋಬರಿನಲ್ಲಿ ಮೊದಲ ಮಜ್ಲಿಸ್ ಸೇರಿದಾಗ, ಡಿಸೆಂಬರ್ 30ರಂದು ಸಾಯುವ ಸ್ಥಿತಿಯಲ್ಲಿದ್ದ ಅದೇ ಶಾ ಸಂವಿಧಾನದ ಮೂಲಭೂತ ಕಾನೂನಿಗೆ ಸಹಿ ಹಾಕಿದಾಗ 'ಸೂರ್-ಎ ಇಸ್ರಾಫೀಲ್' ಇನ್ನೂ ಕನಸಾಗಿತ್ತು. ಹಾಗಾದರೆ ನೆಲ ಹದಮಾಡಿದವರು ಯಾರು? ದೇಶದ ಹೊರಗಿನಿಂದ ಬರುತ್ತಿದ್ದ ಪಾರಸಿ ಪತ್ರಿಕೆಗಳು. ಇಸ್ತಾಂಬುಲಿನಿಂದ 1876ರಿಂದ ಇಪ್ಪತ್ತು ವರ್ಷ ಹೊರಟ 'ಅಖ್ತರ್', ಲಂಡನ್ನಿನಿಂದ 1890ರಲ್ಲಿ ಮಲ್ಕಮ್ ಖಾನ್ ಆರಂಭಿಸಿದ 'ಕಾನೂನ್', ಕೈರೋದಿಂದ ಬಂದ 'ಸುರಯ್ಯಾ' ಮತ್ತು 'ಪರ್ವರಿಶ್', ಇವೆಲ್ಲಕ್ಕಿಂತ ದೀರ್ಘಾಯುವಾಗಿ 1893ರಿಂದ ಕಲ್ಕತ್ತೆಯಲ್ಲಿ ಅಚ್ಚಾಗುತ್ತಿದ್ದ 'ಹಬ್ಲುಲ್ ಮತೀನ್'. ಸೈಯದ್ ಜಲಾಲುದ್ದೀನ್ ಕಾಶಾನಿ ನಡೆಸುತ್ತಿದ್ದ ಈ ಕೊನೆಯ ಪತ್ರಿಕೆ ವ್ಯಾಪಾರಿಗಳ ಜಾಲದ ಮೂಲಕ ಇರಾನಿನ ಬಂದರುಗಳಿಗೂ, ಅಲ್ಲಿಂದ ಒಳನಾಡಿಗೂ ಸಾಗುತ್ತಿತ್ತು. ನಿಷೇಧವಿದ್ದಾಗ ಕದ್ದು ಸಾಗುತ್ತಿತ್ತು. ಬಾಕುವಿನ ತೈಲೋದ್ಯಮಿ ತಗಿಯೇವ್ ತಾನೇ ಚಂದಾ ಕಟ್ಟಿ ಇದನ್ನು ಶಿಯಾಗಳ ಪವಿತ್ರ ನಗರವಾದ ನಜಫ್‌ನ ಧರ್ಮಗುರುಗಳಿಗೆ ಕಳುಹಿಸುತ್ತಿದ್ದ. ಸಂವಿಧಾನವೆಂಬುದು ಇಸ್ಲಾಮಿಗೆ ವಿರುದ್ಧವಲ್ಲ ಎಂದು ನಜಫ್‌ನ ಆಖುಂದ್ ಖೊರಾಸಾನಿಯಂಥವರು ಗಟ್ಟಿಯಾಗಿ ನಿಂತದ್ದರ ಹಿಂದೆ ಈ ಓದಿನ ಪಾಲು ಎಷ್ಟೆಂದು ತೂಗಿ ಹೇಳಲಾಗದಿದ್ದರೂ, ಅವರ ಬೆಂಬಲವಿಲ್ಲದೆ ಕ್ರಾಂತಿ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. 1907ರಲ್ಲಿ ಕಾಶಾನಿಯವರ ತಮ್ಮ ಸೈಯದ್ ಹಸನ್ ಟೆಹರಾನಿನಲ್ಲಿ ಅದೇ ಹೆಸರಿನ ದಿನಪತ್ರಿಕೆಯನ್ನು ತೆರೆದರು. ದೈನಂದಿನ ಸುದ್ದಿಗೆ ಜನ ಹಿಡಿಯುತ್ತಿದ್ದದ್ದು ಅದನ್ನು, ಮತ್ತು ಸಭೆಯ ಚರ್ಚೆಗಳನ್ನು ಅಚ್ಚು ಹಾಕುತ್ತಿದ್ದ 'ಮಜ್ಲಿಸ್' ಪತ್ರಿಕೆಯನ್ನು.

ಕ್ರಾಂತಿಯ ಹಿಂದಿನ ದಿನಗಳಲ್ಲಿ ದೇಶದೊಳಗೆ ಅರ್ಧ ಡಜನ್‌ನಷ್ಟಿದ್ದ ಪತ್ರಿಕೆಗಳು ವರ್ಷ ತುಂಬುವಷ್ಟರಲ್ಲಿ ನೂರು ದಾಟಿದವೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಹೆಚ್ಚಿನವು ನಾಲ್ಕಾರು ಸಂಚಿಕೆಗಳಲ್ಲೇ ಕಣ್ಮುಚ್ಚಿದವು. ಪತ್ರಿಕೆಗಳ ಹಿಂದೆ 'ಅಂಜುಮನ್' ಎಂಬ ಸಂಘಗಳಿದ್ದವು: ಊರಿನವು, ಕಸುಬಿನವು, ಬೀದಿಯವು. ಅವು ತಂತಿ ಕಚೇರಿಗೆ ಹೋಗಿ ಕುಳಿತು ಊರಿಂದೂರಿಗೆ ಸುದ್ದಿ ಕಳುಹಿಸುತ್ತಿದ್ದವು, ಜನ ಸೇರಿಸುತ್ತಿದ್ದವು, ಕೆಲವು ಬಂದೂಕುಗಳನ್ನೂ ಸೇರಿಸಿಟ್ಟಿದ್ದವು. ದೊರೆ ಹೆದರಿದ್ದು ಎಂಟು ಪುಟಗಳಿಗಲ್ಲ. ಎಂಟು ಪುಟಗಳನ್ನು ಓದಿಸಿಕೊಂಡು ಎದ್ದು ನಿಲ್ಲಬಲ್ಲ ಈ ಸಂಘಟನೆಗೆ ಎಂಬುದು ನನ್ನ ನಿಲುವು. 1907ರ ಡಿಸೆಂಬರಿನಲ್ಲಿ ತೋಪ್‌ಖಾನೆ ಚೌಕದಲ್ಲಿ ತನ್ನ ಕಡೆಯ ಗುಂಪುಗಳನ್ನು ನೆರೆಸಿ ಮಜ್ಲಿಸ್ ಮುಚ್ಚಿಸಲು ಹೋದ ಶಾ ಹಿಮ್ಮೆಟ್ಟಬೇಕಾಗಿ ಬಂದದ್ದು ಅಂಜುಮನ್‌ಗಳ ಸಶಸ್ತ್ರ ಸ್ವಯಂಸೇವಕರು ಸಭಾಭವನವನ್ನು ಸುತ್ತುವರಿದು ಕಾದದ್ದರಿಂದ.

ಚರಿತ್ರೆಯ ಓದುಗ

ಇಬ್ಬರಿಗೂ ಕೃತಜ್ಞತೆಗಳು. ಸಂಘಟನೆಯೇ ಮುಖ್ಯವಾಗಿತ್ತು ಎಂಬ ವಾದವನ್ನು ಒಪ್ಪಿದರೂ ಒಂದು ಅನುಮಾನ ಉಳಿಯುತ್ತದೆ. ಬಾಗ್-ಎ ಶಾ ತೋಟದಲ್ಲಿ ಮೊದಲು ಕೊಂದದ್ದು ಅಂಜುಮನ್‌ನ ಬಂದೂಕುಧಾರಿಗಳನ್ನಲ್ಲ. ಒಬ್ಬ ಸಂಪಾದಕರನ್ನು ಮತ್ತು ಮಲಿಕುಲ್ ಮುತಕಲ್ಲಿಮೀನ್ ಎಂಬ ವಾಗ್ಮಿಯನ್ನು. ಇದಕ್ಕೇನು ಹೇಳುತ್ತೀರಿ? ಹಾಗೆಯೇ, ಕೆರಳಿಸಿದ ಆರೋಪದ ಬಗ್ಗೆ ಇನ್ನೂ ಯಾರೂ ಮಾತನಾಡಿಲ್ಲ.

ಉತ್ತರ 3: ಇಪ್ಪತ್ತನೆಯ ಕಲಮು

ಕೆರಳಿಸಿದ ಆರೋಪದ ಬಗ್ಗೆ ನಾನು ಬರೆಯುತ್ತೇನೆ. ಇದರಲ್ಲಿ ಮೂರು ಪತ್ರಿಕೆಗಳನ್ನು ಒಂದೇ ಮೂಟೆಯಲ್ಲಿ ಕಟ್ಟುವ ಅಭ್ಯಾಸ ಹಳೆಯದು. ಅವನ್ನು ಬಿಡಿಸಿ ನೋಡಿದರೆ ವಿಷಯ ಬೇರೆಯಾಗಿ ಕಾಣುತ್ತದೆ.

ದೊರೆಯ ವಿರುದ್ಧ ನೇರವಾಗಿ ಬೆದರಿಕೆಯ ಮಾತು ಬರೆದದ್ದು 'ರೂಹುಲ್ ಕುದುಸ್'. ಸುಲ್ತಾನುಲ್ ಉಲಮಾ ಖೊರಾಸಾನಿ ಅದರ ಸಂಪಾದಕರು. 1907ರ ಕೊನೆಯ ತಿಂಗಳುಗಳಲ್ಲಿ ಬಂದ ಅದರ ಲೇಖನವೊಂದು ಫ್ರಾನ್ಸಿನ ಹದಿನಾರನೆಯ ಲೂಯಿಗೆ ಒದಗಿದ ಗತಿಯನ್ನು ಮೊಹಮ್ಮದ್ ಅಲಿ ಶಾಗೆ ನೆನಪಿಸಿತು. ಸೈಯದ್ ಮೊಹಮ್ಮದ್ ರಜಾ ಶೀರಾಜಿಯವರ 'ಮುಸಾವಾತ್' ಪತ್ರಿಕೆ, ದೊರೆ ಯಾವ ಸ್ಥಿತಿಯಲ್ಲಿದ್ದಾರೆ ಎಂಬ ತಲೆಬರಹದಡಿ ಅರಮನೆಯ ಮಾನ ಕಳೆದು, ನ್ಯಾಯಾಲಯದ ಕರೆ ಬಂದಾಗ ಅದನ್ನೂ ಲೇವಡಿ ಮಾಡಿತು. ಈ ಎರಡರೊಂದಿಗೆ ಹೋಲಿಸಿದರೆ 'ಸೂರ್-ಎ ಇಸ್ರಾಫೀಲ್' ತೂಕದ ಪತ್ರಿಕೆ. ಅದು ಅರಸನಿಗೆ ಶಾಪ ಹಾಕಲಿಲ್ಲ. ಅರಸೊತ್ತಿಗೆಯ ಸುತ್ತ ಇದ್ದ ಭಯಭಕ್ತಿಯ ಹೊದಿಕೆಯನ್ನು ನಗುವಿನಿಂದ ಕಳಚಿತು. ಯಾವುದು ಹೆಚ್ಚು ಅಪಾಯಕಾರಿ ಎಂದು ಅರಮನೆಯೇ ತೀರ್ಮಾನಿಸಿದಂತಿದೆ.

ಕಾನೂನಿನ ಕಡೆಯಿಂದಲೂ ನೋಡಬೇಕು. 1907ರ ಅಕ್ಟೋಬರಿನಲ್ಲಿ ಅಂಗೀಕಾರವಾದ ಪೂರಕ ಮೂಲಭೂತ ಕಾನೂನಿನ 20ನೆಯ ಕಲಮು, ದಾರಿ ತಪ್ಪಿಸುವ ಗ್ರಂಥಗಳನ್ನೂ ಧರ್ಮಕ್ಕೆ ಹಾನಿಕರವಾದ ಬರಹಗಳನ್ನೂ ಹೊರತುಪಡಿಸಿ ಎಲ್ಲ ಪ್ರಕಟಣೆಗಳೂ ಸ್ವತಂತ್ರವೆಂದೂ, ಪ್ರಕಟಣೆಗೆ ಮುನ್ನ ತಪಾಸಣೆ ಕೂಡದೆಂದೂ ಹೇಳಿತು. ವಾಕ್ಯದ ಮೊದಲರ್ಧ ಎಷ್ಟು ಅಗಲವಾಗಿದೆಯೆಂದರೆ ಅದರೊಳಗೆ ಯಾವ ಲೇಖನವನ್ನಾದರೂ ಎಳೆದು ತರಬಹುದು. ವಿವರವಾದ ಪತ್ರಿಕಾ ಕಾಯ್ದೆ ಬಂದದ್ದು 1908ರ ಫೆಬ್ರವರಿಯಲ್ಲಿ, ಫ್ರಾನ್ಸಿನ 1881ರ ಕಾಯ್ದೆಯನ್ನು ಮುಂದಿಟ್ಟುಕೊಂಡು. ಅಲ್ಲಿಯವರೆಗೆ ಸಂಪಾದಕನೂ ದೂರುದಾರನೂ ಮಂತ್ರಿಯೂ ತಮಗೆ ತೋಚಿದ ಗೆರೆಯನ್ನೇ ಗೆರೆಯೆಂದು ನಂಬಿ ನಡೆದರು. ಇಂತಹ ಸ್ಥಿತಿಯಲ್ಲಿ ಪತ್ರಿಕೆಗಳು ಮಿತಿ ಮೀರಿದವು ಎಂದು ಇಂದು ಕುಳಿತು ತೀರ್ಪು ಕೊಡುವವರು, ಆ ಮಿತಿಯನ್ನು ಯಾರು ಎಲ್ಲಿ ಬರೆದಿಟ್ಟಿದ್ದರೆಂಬುದನ್ನೂ ತೋರಿಸಬೇಕು. ಇತಿಹಾಸಕಾರ ಅಹ್ಮದ್ ಕಸ್ರವಿಯವರು ಆ ಕಾಲದ ಪತ್ರಿಕೆಗಳನ್ನು ಕಟುವಾಗಿ ಟೀಕಿಸಿದ್ದಾರೆ; ಅನೇಕ ಸಂಪಾದಕರಿಗೆ ತಾವು ಬರೆಯುತ್ತಿರುವುದರ ಅರ್ಥವೇ ತಿಳಿದಿರಲಿಲ್ಲವೆಂಬುದು ಅವರ ಅಸಮಾಧಾನ. ಬಹಳ ಪತ್ರಿಕೆಗಳ ಮಟ್ಟಿಗೆ ಅದು ನಿಜವಿರಬಹುದು. ದೆಹ್‌ಖೊದಾ ಅವರ ಮಟ್ಟಿಗೆ ನಾನು ಒಪ್ಪಲಾರೆ.

ಅಚ್ಚಿನ ಶಕ್ತಿಯನ್ನು ವಿರೋಧಿಗಳು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಶೇಖ್ ಫಜ್ಲುಲ್ಲಾ ನೂರಿಯವರ ನಡೆಯೇ ಸಾಕ್ಷಿ. ಮೊದಲಿಗೆ ಸಂವಿಧಾನದ ಜೊತೆಗಿದ್ದು ಅನಂತರ ತಿರುಗಿಬಿದ್ದ ಈ ಹಿರಿಯ ಧರ್ಮಗುರು, 1907ರ ಬೇಸಿಗೆಯಲ್ಲಿ ಟೆಹರಾನಿನ ದಕ್ಷಿಣಕ್ಕಿರುವ ಶಾ ಅಬ್ದುಲ್ ಅಜೀಮ್ ದರ್ಗಾದಲ್ಲಿ ಹಿಂಬಾಲಕರೊಡನೆ ಆಶ್ರಯ ಪಡೆದರು. ಅಲ್ಲಿ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ತಮ್ಮದೇ ಕರಪತ್ರಗಳನ್ನು ಅಚ್ಚು ಹಾಕಿ ಹಂಚಿದ್ದು. ಆ ಕರಪತ್ರಗಳ ದೊಡ್ಡ ದೂರು, ಹೊಸ ಪತ್ರಿಕೆಗಳು ಧರ್ಮವನ್ನು ಹೀಗಳೆಯುತ್ತಿವೆ ಎಂಬುದು. ಪತ್ರಿಕೆಗಳನ್ನು ಖಂಡಿಸಲು ಪತ್ರಿಕೆಯಂಥದ್ದನ್ನೇ ಹೊರಡಿಸಬೇಕಾಯಿತು.

ಇನ್ನು ಮಜ್ಲಿಸ್‌ನ ಅವಸಾನವನ್ನು ಬೇಗ ತಂದದ್ದು ಯಾವುದು? ಮೊಹಮ್ಮದ್ ಅಲಿ ಶಾ ಪಟ್ಟವೇರಿದಾಗಲೇ ಪಟ್ಟಾಭಿಷೇಕಕ್ಕೆ ಜನಪ್ರತಿನಿಧಿಗಳನ್ನು ಕರೆಯಲಿಲ್ಲ. ಖುರಾನಿನ ಮೇಲೆ ಆಣೆ ಇಟ್ಟು ಸಂವಿಧಾನ ಪಾಲಿಸುವೆನೆಂದ, ಮುರಿದ, ಮತ್ತೆ ಆಣೆ ಇಟ್ಟ. 1907ರ ಆಗಸ್ಟ್ 31ರಂದು ಪ್ರಧಾನಿ ಅಮೀನುಸ್ಸುಲ್ತಾನನನ್ನು ಮಜ್ಲಿಸ್ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಅದೇ ದಿನ ರಷ್ಯಾ ಮತ್ತು ಬ್ರಿಟನ್ ಇರಾನನ್ನು ಪ್ರಭಾವವಲಯಗಳಾಗಿ ಹಂಚಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. 1908ರ ಫೆಬ್ರವರಿ ಕೊನೆಯಲ್ಲಿ ಶಾನ ಮೆರವಣಿಗೆಯ ಮೇಲೆ ಬಾಂಬು ಬಿತ್ತು; ಅವನು ಕುಳಿತಿದ್ದು ಬೇರೆ ಬಂಡಿಯಲ್ಲಾದ್ದರಿಂದ ಬದುಕಿದ. ಜೂನ್ ಮೊದಲ ವಾರದಲ್ಲಿ ಅರಮನೆ ಬಿಟ್ಟು ಬಾಗ್-ಎ ಶಾಗೆ ಹೋಗಿ ಸೇನೆಯ ನಡುವೆ ಬೀಡುಬಿಟ್ಟ. ಬ್ರಿಟನ್ ತಟಸ್ಥವಾಗಿರುತ್ತದೆ, ರಷ್ಯಾ ಬೆನ್ನಿಗಿರುತ್ತದೆ ಎಂಬ ಭರವಸೆ ಇದ್ದ ದೊರೆಗೆ ಅಂಕಣವೊಂದು ಕೆರಳಿಸುವ ಅಗತ್ಯವಿರಲಿಲ್ಲ. ಬರಹಗಳು ಅವನಿಗೆ ನೆಪ ಕೊಟ್ಟಿರಬಹುದು, ಅಷ್ಟೇ.

ಸಂಪಾದಕರನ್ನೇ ಮೊದಲು ಏಕೆ ಕೊಂದರು ಎಂಬ ನಿಮ್ಮ ಅನುಮಾನಕ್ಕೆ ಬರುತ್ತೇನೆ. ಶಾ ಎಂಟು ಜನರನ್ನು ಟೆಹರಾನಿನಿಂದ ಹೊರಹಾಕಬೇಕೆಂದು ಮಜ್ಲಿಸ್‌ಗೆ ಬೇಡಿಕೆ ಇಟ್ಟಿದ್ದ. ಆ ಬೇಡಿಕೆ ಬಂದದ್ದು ಬಾಂಬಿನ ಅನಂತರ, ಜೂನ್ ತಿಂಗಳಲ್ಲಿ. ಜಹಾಂಗೀರ್ ಖಾನ್, 'ಮುಸಾವಾತ್' ಸಂಪಾದಕ, ಮಲಿಕುಲ್ ಮುತಕಲ್ಲಿಮೀನ್, ಸೈಯದ್ ಜಮಾಲುದ್ದೀನ್ ವಾಇಜ್, ಈ ನಾಲ್ವರೂ ಆ ಪಟ್ಟಿಯಲ್ಲಿದ್ದರು. ಇಬ್ಬರು ಬರೆಯುವವರು, ಇಬ್ಬರು ಮಾತನಾಡುವವರು. ಮಜ್ಲಿಸ್ ಒಪ್ಪಿಸಲಿಲ್ಲ. ಆದ್ದರಿಂದ ಜೂನ್ 24ರ ಕೊಲೆ ಆವೇಶದ ಕ್ಷಣದಲ್ಲಿ ನಡೆದದ್ದಲ್ಲ. ಹೆಸರುಗಳು ಮೊದಲೇ ಗೊತ್ತಾಗಿದ್ದವು. ಜಮಾಲುದ್ದೀನ್ ಅವರು ವೇಷ ಮರೆಸಿಕೊಂಡು ಹಮದಾನಿನವರೆಗೆ ಹೋಗಿ ಅಲ್ಲಿ ಸಿಕ್ಕಿಬಿದ್ದು ಬರೂಜಿರ್ದ್‌ನಲ್ಲಿ ಕೊಲೆಯಾದರು. 'ರೂಹುಲ್ ಕುದುಸ್' ಸಂಪಾದಕರೂ ಸೆರೆಯಲ್ಲೇ ಸತ್ತರು. 'ಮುಸಾವಾತ್' ಸಂಪಾದಕರು ಮಾತ್ರ ತಪ್ಪಿಸಿಕೊಂಡು ತಬ್ರೀಜ್ ಸೇರಿ, ಶಾನ ಸೇನೆಯ ಮುತ್ತಿಗೆಯಲ್ಲಿದ್ದ ಆ ಊರಿನಿಂದ ಮತ್ತೆ ಪತ್ರಿಕೆ ಹೊರಡಿಸಿದರು.

ಉತ್ತರ 4: ಇವೆರ್ಡನ್

ಹೊರಗೆ ಹೋದ ಪತ್ರಿಕೆಯ ಕಥೆಯನ್ನು ಯಾರೂ ಎತ್ತಿಲ್ಲವಾದ್ದರಿಂದ ಸ್ವಲ್ಪ ಸೇರಿಸುತ್ತೇನೆ.

ಮಜ್ಲಿಸ್ ಮೇಲೆ ಫಿರಂಗಿ ಬಿದ್ದಾಗ ದೆಹ್‌ಖೊದಾ ಬ್ರಿಟಿಷ್ ದೂತಾವಾಸದಲ್ಲಿ ಆಶ್ರಯ ಪಡೆದು, ದೇಶ ಬಿಟ್ಟು ಹೋಗುವ ಕರಾರಿನ ಮೇಲೆ ಬದುಕಿಕೊಂಡರು. ಪ್ಯಾರಿಸ್ ಮೂಲಕ ಸ್ವಿಟ್ಜರ್ಲೆಂಡಿನ ಇವೆರ್ಡನ್ ಎಂಬ ಪುಟ್ಟ ಪಟ್ಟಣ ಸೇರಿ, 1909ರ ಆರಂಭದಲ್ಲಿ ಅದೇ ಹೆಸರಿನಲ್ಲಿ, ಮತ್ತೆ ಒಂದನೆಯ ಸಂಖ್ಯೆಯಿಂದ ಪತ್ರಿಕೆಯನ್ನು ಆರಂಭಿಸಿದರು. ಬಂದದ್ದು ಮೂರೇ ಸಂಚಿಕೆ. ಹಣವಿರಲಿಲ್ಲ, ಓದುಗರು ಸಾವಿರಾರು ಮೈಲಿ ದೂರದಲ್ಲಿದ್ದರು. ಧ್ವನಿ ಬಹಳ ಬದಲಾಗಿದೆ: ಟೆಹರಾನಿನಲ್ಲಿ ಪೆದ್ದನ ವೇಷದಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಮುಖವಾಡವಿಲ್ಲದೆ, ಸಿಟ್ಟಿನಿಂದ ಹೇಳುತ್ತಾರೆ, ದೊರೆಯನ್ನು ನೇರವಾಗಿ ಹಳಿಯುತ್ತಾರೆ. ರಾಜಕೀಯವಾಗಿ ಇವು ಧೀರ ಬರಹಗಳು. ಸಾಹಿತ್ಯವಾಗಿ ನೋಡಿದರೆ ಟೆಹರಾನಿನ ಅಂಕಣಗಳ ಮುಂದೆ ಇವು ಸಪ್ಪೆ ಎಂದೇ ನನಗೆ ಅನ್ನಿಸುತ್ತದೆ. ತಪಾಸಣೆಯ ಕಣ್ಣು ತಪ್ಪಿಸುವ ಕಷ್ಟವೇ ಇಲ್ಲದಾಗ ವ್ಯಂಗ್ಯಕ್ಕೆ ಮೊನೆ ಉಳಿಯಲಿಲ್ಲ. ಇದಕ್ಕೆ ಹೊರತಾದದ್ದು ಮೂರನೆಯ ಸಂಚಿಕೆಯಲ್ಲಿ ಬಂದ, ಜಹಾಂಗೀರ್ ಖಾನರ ನೆನಪಿನ ಶೋಕಗೀತೆ. ಬಿಳಿಯುಡುಗೆ ತೊಟ್ಟ ಗೆಳೆಯ ಕನಸಿನಲ್ಲಿ ಬಂದು, ತಾನು ಎಳೆಯ ವಯಸ್ಸಿನಲ್ಲಿ ಬಿದ್ದೆನೆಂದು ಏಕೆ ಹೇಳಲಿಲ್ಲ ಎಂದು ಕೇಳಿದನೆಂದೂ, ಎಚ್ಚರವಾದಾಗ ಅದರ ಪಲ್ಲವಿಯ ಸಾಲು ಬಾಯಲ್ಲಿತ್ತೆಂದೂ ಕವಿಯೇ ಹೇಳಿಕೊಂಡಿದ್ದಾರೆ. ಹಳೆಯ ಗಜಲ್, ಕಸೀದಾಗಳ ಏಕಪ್ರಾಸವನ್ನು ಬಿಟ್ಟು ನುಡಿಗಳಾಗಿ ಕಟ್ಟಿದ ಈ ಕವಿತೆಯನ್ನು ಪಾರಸಿ ಹೊಸಕಾವ್ಯದ ಮೊದಲ ಮೆಟ್ಟಿಲುಗಳಲ್ಲಿ ಒಂದೆಂದು ಎಣಿಸುವವರಿದ್ದಾರೆ.

ದೆಹ್‌ಖೊದಾ ಅಲ್ಲಿಂದ ಇಸ್ತಾಂಬುಲಿಗೆ ಹೋಗಿ 'ಸುರೂಶ್' ಎಂಬ ಪತ್ರಿಕೆಯಲ್ಲಿ ಬರೆದರು. 1909ರ ಜುಲೈ ನಡುವಿನಲ್ಲಿ ಸಂವಿಧಾನದ ಪರವಾದ, ಗೀಲಾನ್ ಪ್ರಾಂತದ ಮತ್ತು ಬಖ್ತಿಯಾರಿ ಬುಡಕಟ್ಟಿನ ಪಡೆಗಳು ಟೆಹರಾನನ್ನು ಹಿಡಿದು ಮೊಹಮ್ಮದ್ ಅಲಿ ಶಾನನ್ನು ಪದಚ್ಯುತಗೊಳಿಸಿದ ಮೇಲೆ ಅವರು ಮರಳಿ ಎರಡನೆಯ ಮಜ್ಲಿಸ್‌ನ ಸದಸ್ಯರಾದರು. ಆದರೆ 'ಸೂರ್-ಎ ಇಸ್ರಾಫೀಲ್' ಮತ್ತೆ ಹೊರಡಲಿಲ್ಲ. ಆ ಹೊತ್ತಿಗೆ ಕಾಲವೂ ಬೇರೆಯಾಗಿತ್ತು. 1909ರ ಆಗಸ್ಟಿನಲ್ಲಿ ಶುರುವಾದ 'ಇರಾನ್-ಎ ನೌ' ದೊಡ್ಡ ಹಾಳೆಯ, ಯುರೋಪಿನ ಮಾದರಿಯ ದಿನಪತ್ರಿಕೆ. ಡೆಮಾಕ್ರಾಟ್ ಪಕ್ಷದ ಮುಖವಾಣಿ. ಅದರ ಲೇಖನಿ ಬಾಕುವಿನಿಂದ ಬಂದ ಮೊಹಮ್ಮದ್ ಅಮೀನ್ ರಸೂಲ್‌ಜಾದೆಯವರ ಕೈಯಲ್ಲಿತ್ತು. ಪಕ್ಷದ ಕಾರ್ಯಕ್ರಮ, ವಿದೇಶಾಂಗ ನೀತಿ, ಸಾಲದ ಷರತ್ತು ಇವುಗಳ ಮೇಲೆ ಅಲ್ಲಿ ಬರುತ್ತಿದ್ದ ವಿಶ್ಲೇಷಣೆ ಮೊದಲಿನ ಯಾವ ಪತ್ರಿಕೆಯಲ್ಲೂ ಇರಲಿಲ್ಲ. ಅಂಗಡಿಯಲ್ಲಿ ಗಟ್ಟಿಯಾಗಿ ಓದಿ ನಗುವಂಥದ್ದು ಮಾತ್ರ ಕಡಿಮೆ. ಆ ಪರಂಪರೆ ಉಳಿದದ್ದು ರಶ್ತ್‌ನ ಸೈಯದ್ ಅಶ್ರಫುದ್ದೀನ್ ಗೀಲಾನಿಯವರ 'ನಸೀಮ್-ಎ ಶುಮಾಲ್' ಪತ್ರಿಕೆಯ ಹಾಡುಗಬ್ಬಗಳಲ್ಲಿ. ಗದ್ಯದಲ್ಲಿ ಅದು ಪತ್ರಿಕೆಯನ್ನು ಬಿಟ್ಟು ಕಥೆಗೆ ದಾಟಿತು. ದಖೋನ ಮಾತಿನ ಧಾಟಿಯನ್ನು ಹಿಡಿದು 1921ರಲ್ಲಿ ಬರ್ಲಿನ್ನಿನಲ್ಲಿ ಪಾರಸಿಯ ಮೊದಲ ಆಧುನಿಕ ಸಣ್ಣಕಥೆಗಳ ಸಂಕಲನವನ್ನು ಹೊರತಂದ ಜಮಾಲ್‌ಜಾದೆಯವರು, ಮೇಲೆ ಹೇಳಿದ ಸೈಯದ್ ಜಮಾಲುದ್ದೀನ್ ವಾಇಜ್ ಅವರ ಮಗ.

'ತಂತಿಕಂಬ' ಅವರು ಹೇಳಿದ ಸಂಘಟನೆಯ ವಾದಕ್ಕೆ ಇದನ್ನೂ ಸೇರಿಸಬಹುದು. ಇವೆರ್ಡನ್‌ನಲ್ಲಿ ಲೇಖಕರು ಅವರೇ, ಹೆಸರು ಅದೇ, ಸ್ವಾತಂತ್ರ್ಯ ಟೆಹರಾನಿಗಿಂತ ಹೆಚ್ಚು. ಚಹಾದಂಗಡಿಯೂ ಅಂಜುಮನ್ನೂ ಇರಲಿಲ್ಲ. ಪತ್ರಿಕೆ ಮೂರೇ ಸಂಚಿಕೆಗೆ ನಿಂತಿತು.

ಓದಲು ಎಲ್ಲಿಂದ ಆರಂಭಿಸಬೇಕೆಂದು ನೀವು ಕೇಳುವ ಮೊದಲೇ ಹೇಳುತ್ತೇನೆ: ಮೊದಲ ಸಂಚಿಕೆಯ ಅಫೀಮಿನ ಅಂಕಣವನ್ನು ಓದಿ, ಅನಂತರ ಕೂಚಾನಿನ ಹುಡುಗಿಯರ ಪ್ರಸ್ತಾಪವಿರುವ ಅಂಕಣಗಳಿಗೆ ಹೋಗಿ, ಸಂಪಾದಕೀಯಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅಂಕಣಗಳು ಒಟ್ಟಾಗಿ ಸಂಕಲನಗೊಂಡು ಅನೇಕ ಬಾರಿ ಅಚ್ಚಾಗಿವೆ. ಆ ಕಾಲದ ಪತ್ರಿಕೆಗಳ ಒಟ್ಟು ಚಿತ್ರ ಬೇಕಿದ್ದರೆ, ಕೇಂಬ್ರಿಡ್ಜ್‌ನ ಎಡ್ವರ್ಡ್ ಬ್ರೌನ್ 1914ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 371 ಪಾರಸಿ ಪತ್ರಿಕೆಗಳ ಪಟ್ಟಿ ಇದೆ.